ಮೊದಲು ನೀರು ಸಾಕಿ, ಆಮೇಲೆ ಮೀನು

ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಮನೆಯಲ್ಲಿ ಮೀನು ಸಾಕಿದ್ದು, ಓದು, ನೌಕರಿ, ಸಂಸಾರದ ಗಡಿಬಿಡಿಯಲ್ಲಿ ಕೈಬಿಟ್ಟವರು ಈಗ ಮತ್ತೆ ಅಕ್ವೇರಿಯಂ ಅಂಗಡಿಯ ಮೆಟ್ಟಿಲು ಹತ್ತಿದರೆ ಅಲ್ಲಿನ ಅರ್ಧದಷ್ಟು ಸಾಮಾನಿನ ಗುರುತೇ ಹತ್ತುವುದಿಲ್ಲ. ಆಗ ಇದ್ದದ್ದು ಗಾಜಿನ ತೊಟ್ಟಿ, ಮುಚ್ಚಳದೊಳಗೆ ಒಂದು 40 ವ್ಯಾಟ್ ಬಲ್ಬು, ಜಲ್ಲಿಯ ಅಡಿಗೆ ಹಾಸುವ ತೂತು ತೂತಿನ ಪ್ಲಾಸ್ಟಿಕ್ ತಟ್ಟೆ, ಗುಳ್ಳೆ ಬಂದಾಗಲೆಲ್ಲ ಬಾಯಿ ತೆರೆಯುವ ಗೊಂಬೆ ಚಿಪ್ಪು. ಈಗ ಕಪಾಟಿನ ತುಂಬ ಕ್ಯಾನಿಸ್ಟರ್ ಫಿಲ್ಟರು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ಬಣ್ಣ ಬದಲಿಸುವ ಎಲ್‌ಇಡಿ, ಚೀಲಗಟ್ಟಲೆ ವಿಶೇಷ ಮಣ್ಣು. ಜಪಾನಿನ ತಕಾಶಿ ಅಮಾನೊ ತೊಟ್ಟಿಯೊಳಗೆ ಕಾಡು, ಬೆಟ್ಟ, ಹುಲ್ಲುಗಾವಲುಗಳನ್ನು ರೂಪಿಸಿ ತೋರಿಸಿದ ಮೇಲೆ ಜಗತ್ತಿನೆಲ್ಲೆಡೆ ಆ ಶೈಲಿಗೆ ಮರುಳಾದವರಿಗಾಗಿ ಹುಟ್ಟಿದ ಸರಕು ಇದು. ಎಲ್ಲವನ್ನೂ ಕೊಂಡರೆ ಒಂದು ಒಳ್ಳೆಯ ಫ್ರಿಜ್ಜಿನ ಬೆಲೆ ದಾಟುತ್ತದೆ.

ಇದನ್ನು ನೋಡಿ ಬೆದರಿ ಹಿಂದಿರುಗುವ ಅಗತ್ಯವಿಲ್ಲ. ಈ ಅವಧಿಯಲ್ಲಿ ಮೀನು ಸಾಕಣೆಯಲ್ಲಿ ಆದ ನಿಜವಾದ ಬದಲಾವಣೆ ಕಪಾಟಿನಲ್ಲಿ ಸಿಗುವಂಥದ್ದಲ್ಲ. ತೊಟ್ಟಿಯ ನೀರಿನೊಳಗೆ ಏನು ನಡೆಯುತ್ತದೆ ಎಂಬ ತಿಳಿವಳಿಕೆ ಪ್ರಯೋಗಾಲಯದಿಂದ ಇಳಿದು ಸಾಮಾನ್ಯ ಸಾಕಣೆದಾರರ ಕೈಗೂ ಬಂದಿದೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ, ಐದಾರು ವಾರ ಕಾಯಬೇಕು ಅಷ್ಟೆ. ಕಡಿಮೆ ಖರ್ಚಿನಲ್ಲಿ ತೊಟ್ಟಿ ಇಡಬೇಕೆನ್ನುವವರ ಹಣ ಉಳಿಯುವುದೂ ಅಲ್ಲಿಯೇ.

ಹಿಂದಿನ ಪದ್ಧತಿ ಅನೇಕ ಮನೆಗಳಲ್ಲಿ ಒಂದೇ ತೆರನಾಗಿತ್ತು. ಬೆಳಿಗ್ಗೆ ತೊಟ್ಟಿ ತಂದು ಸಂಜೆಯೊಳಗೆ ನೀರು ತುಂಬಿ, ಮೀನು ಬಿಟ್ಟು, ಲೈಟು ಹಾಕಿ ನೆರೆಯವರನ್ನೆಲ್ಲ ಕರೆದು ತೋರಿಸುವುದು. ನೀರು ಮಬ್ಬಾದ ಭಾನುವಾರ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯನ್ನು ಹಿತ್ತಲಿಗೆ ಸಾಗಿಸಿ, ಜಲ್ಲಿಯನ್ನೂ ಫಿಲ್ಟರನ್ನೂ ನಲ್ಲಿಯ ಕೆಳಗೆ ಫಳಫಳ ಹೊಳೆಯುವಂತೆ ತೊಳೆದು ಹೊಸ ನೀರು ತುಂಬುವುದು. ಎರಡು ದಿನ ಎಲ್ಲ ಚೆಂದ. ಮೂರನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ಬೈದು, ಇನ್ನೊಂದು ಅಂಗಡಿಯಿಂದ ಮತ್ತೆ ನಾಲ್ಕು ಜೋಡಿ ತರುವುದು. ಪಾಪ, ಆ ಮೀನುಗಳಿಗೆ ಯಾವ ರೋಗವೂ ಇರುತ್ತಿರಲಿಲ್ಲ.

ಮೀನು ತಿಂದದ್ದರ ಬಹುಪಾಲು ಸಾರಜನಕ ಅದರ ಕಿವಿರಿನಿಂದ ಅಮೋನಿಯವಾಗಿ ಹೊರಬರುತ್ತದೆ. ತಿನ್ನದೆ ಬಿಟ್ಟ ಕಾಳು, ಕೊಳೆತ ಎಲೆಗಳೂ ಅಮೋನಿಯವನ್ನೇ ಬಿಡುತ್ತವೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಅಲ್ಲಿಯೇ ಕೂಡುತ್ತದೆ, ಮೀನಿಗೆ ಅದು ವಿಷ. ಹಳೆಯ ತೊಟ್ಟಿಗಳಲ್ಲಿ ಹೀಗಾಗದಿರುವುದಕ್ಕೆ ಕಾರಣ ಜಲ್ಲಿ, ಗಾಜು, ಫಿಲ್ಟರಿನ ಸ್ಪಂಜುಗಳಿಗೆ ಅಂಟಿಕೊಂಡು ಬದುಕುವ ಸೂಕ್ಷ್ಮಜೀವಿಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸ್ವಲ್ಪ ಮಟ್ಟಿಗಿದ್ದರೆ ಮೀನು ತಾಳಿಕೊಳ್ಳುತ್ತದೆ. ಉಳಿದದ್ದನ್ನು ಗಿಡಗಳು ಹೀರುತ್ತವೆ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಮಿಕ್ಕದ್ದು ಹೋಗುತ್ತದೆ. ಹಿತ್ತಲಿನ ನಲ್ಲಿಯ ಕೆಳಗೆ ಪ್ರತಿ ಭಾನುವಾರ ತೊಳೆದುಹೋಗುತ್ತಿದ್ದುದು ಈ ಜೀವಿಗಳೇ. ನಲ್ಲಿನೀರಿನ ಕ್ಲೋರಿನ್ ಅಳಿದುಳಿದವನ್ನೂ ಮುಗಿಸುತ್ತಿತ್ತು.

ಈ ತಿಳಿವಳಿಕೆಯ ಹಿಂದೆ ಒಂದೇ ಮನೆಯ ಎರಡು ತಲೆಮಾರಿನ ಕತೆಯಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸುಮಾರು 12 ಗ್ಯಾಲನ್ ನೀರಿನ ಪಾತ್ರೆಯಲ್ಲಿ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯ ಗಿಡ ಮತ್ತು ಕೊಳದ ಬಸವನಹುಳುಗಳನ್ನು ಒಟ್ಟಿಗೆ ಇಟ್ಟು, ನೀರು ಕೆಡದೆ ಮೂರೂ ಬದುಕುತ್ತವೆಂದು 1850ರಲ್ಲಿ ಪ್ರಕಟಿಸಿದ. ಮನೆಯೊಳಗಿನ ಅಕ್ವೇರಿಯಂ ಎಂಬ ಹವ್ಯಾಸಕ್ಕೆ ಬುನಾದಿಯಾದದ್ದು ಅದು. ಗಿಡ ಆಮ್ಲಜನಕ ಕೊಡುತ್ತದೆ, ಹುಳು ಕೊಳೆತದ್ದನ್ನು ತಿನ್ನುತ್ತದೆ ಎಂಬಲ್ಲಿಗೆ ಅವನ ವಿವರಣೆ ನಿಂತಿತ್ತು. ಅದೇ ಹೆಸರಿನ ಅವನ ಮಗ ಮುಂದೆ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಮೇಲೆ ಕೆಲಸ ಮಾಡಿ, ಅಮೋನಿಯ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ಎಂದು ತೋರಿಸಿದ. ಅಪ್ಪನ ಪಾತ್ರೆಯನ್ನು ಕಾಪಾಡಿದ ಮೂರನೆಯ ಕೆಲಸಗಾರ ಯಾರೆಂಬುದಕ್ಕೆ ಉತ್ತರ ಮಗನ ಹೊಲದ ಮಣ್ಣಿನಲ್ಲಿತ್ತು. ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. ಅಕ್ವೇರಿಯಂಗಳಲ್ಲಿ ನೈಟ್ರೈಟ್ ತಿನ್ನುವುದು ಪಠ್ಯಪುಸ್ತಕದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರ ಎಂದು ಗೊತ್ತಾದದ್ದು 1998ರ ಸುಮಾರಿಗೆ. ಎರಡೂ ಹಂತಗಳನ್ನು ಒಬ್ಬಂಟಿಯಾಗಿ ಮುಗಿಸುವ ನೈಟ್ರೋಸ್ಪೈರಗಳಿವೆ ಎಂಬುದು ತಿಳಿದದ್ದು 2015ರಲ್ಲಿ. ಹವ್ಯಾಸ ಬಿಟ್ಟು ಮರಳಿ ಬರುವವರು ನಡುವೆ ತಪ್ಪಿಸಿಕೊಂಡ ಪಾಠ ಇದು.

ಹಾಗಾಗಿ ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಚಾಲೂ ಮಾಡಿ, ಮೀನಿಲ್ಲದೆ ದಿನಕ್ಕೊಂದು ಚಿಟಿಕೆ ಮೀನಿನ ಕಾಳು ಹಾಕುತ್ತ ಹೋಗುವುದು ಮೊದಲ ಕೆಲಸ. ಕಾಳು ಕೊಳೆತು ಅಮೋನಿಯ ಹುಟ್ಟುತ್ತದೆ, ಅದನ್ನು ತಿನ್ನುವ ಜೀವಿಗಳು ನಿಧಾನವಾಗಿ ನೆಲೆಯೂರುತ್ತವೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗೊತ್ತಿರುವವರ ಮನೆಯ ಆರೋಗ್ಯವಂತ ತೊಟ್ಟಿಯಿಂದ ಕೊಳಕು ಹಿಡಿದ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿಗೆ ಸೇರಿಸಿದರೆ ಈ ಕಾಯುವಿಕೆ ಅರ್ಧಕ್ಕಿಳಿಯುವುದೂ ಉಂಟು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಕ್ಕೆ ದುಡ್ಡು ಸುರಿಯುವ ಬದಲು ಆ ಸ್ನೇಹಿತರಿಗೆ ಒಂದು ಕಾಫಿ ಕೊಡಿಸುವುದು ಮೇಲು. ದುಡ್ಡು ಖರ್ಚು ಮಾಡಲೇಬೇಕಾದ ಒಂದು ವಸ್ತುವೆಂದರೆ ಅಮೋನಿಯ, ನೈಟ್ರೈಟ್ ಮತ್ತು ನೈಟ್ರೇಟ್ ಅಳೆಯುವ ಟೆಸ್ಟ್ ಕಿಟ್. ಇಬ್ಬರು ಮೂವರು ಸೇರಿ ಒಂದನ್ನು ಕೊಂಡರೂ ಸಾಕು. ಮೊದಲೆರಡೂ ಸೊನ್ನೆಗೆ ಇಳಿದು, ನೈಟ್ರೇಟ್ ಕಾಣಿಸಿಕೊಂಡ ಮೇಲೆ, ಅರ್ಧದಷ್ಟು ನೀರು ಬದಲಿಸಿ ಮೊದಲ ಮೀನುಗಳನ್ನು ತರಬಹುದು.

ಇನ್ನು ತೊಟ್ಟಿಯ ವಿಷಯ. ಚಿಕ್ಕದು ಅಗ್ಗ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು ಕಡಿಮೆಯಿದ್ದಷ್ಟೂ ವಿಷ ಬೇಗ ಏರುತ್ತದೆ, ಬಿಸಿಲಿಗೆ ಬೇಗ ಕಾಯುತ್ತದೆ. ಟೀಪಾಯಿಯ ಮೇಲಿಡುವ ಗುಂಡು ಬಟ್ಟಲಂತೂ ಮೀನಿಗೆ ಹಿಂಸೆ, ಅದನ್ನು ಯಾರೂ ಕೊಳ್ಳಬಾರದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹೊಸದಾಗಿ ಆರಂಭಿಸುವವರಿಗೆ ಹೇಳಿಮಾಡಿಸಿದ ಅಳತೆ. ತುಂಬಿದರೆ ಸುಮಾರು 57 ಲೀಟರು. ಗಾಜು, ಮರಳು ಸೇರಿ 75 ಕೆ.ಜಿ.ಯಷ್ಟು ತೂಗುತ್ತದೆ, ಆದ್ದರಿಂದ ಹಳೆಯ ಟಿ.ವಿ. ಸ್ಟ್ಯಾಂಡಿನ ಮೇಲೆ ಕೂರಿಸುವ ಯೋಚನೆ ಬೇಡ. ಮನೆ ಬದಲಿಸುವವರು, ಮಕ್ಕಳ ಆಸೆಗೆ ತಂದು ಬೇಸತ್ತವರು ಇಂಥ ತೊಟ್ಟಿಗಳನ್ನು ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರೆ. ತಂದದ್ದನ್ನು, ಅಥವಾ ಸ್ವಂತದ್ದೇ ಅಟ್ಟದಿಂದ ಇಳಿಸಿದ್ದನ್ನು, ಅಂಗಳದ ಸಮತಟ್ಟಾದ ಜಾಗದಲ್ಲಿ ಥರ್ಮೋಕೋಲ್ ಹಾಳೆಯ ಮೇಲಿಟ್ಟು ಪೂರ್ತಿ ತುಂಬಿ ಎರಡು ದಿನ ಬಿಡಬೇಕು. ವರ್ಷಗಟ್ಟಲೆ ಒಣಗಿ ನಿಂತ ತೊಟ್ಟಿಯ ಸಿಲಿಕಾನ್ ಅಂಟು ಬಿಟ್ಟುಕೊಂಡಿರುವುದು ಸಾಮಾನ್ಯ. ಸೋರಿದರೆ ಹಳೆಯ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು, ಬೂಷ್ಟುನಾಶಕ ಬೆರೆಸದ ಸಿಲಿಕಾನ್ ಹಾಕಬೇಕು. ಬಚ್ಚಲುಮನೆಗೆಂದು ಮಾರುವ ಸಿಲಿಕಾನಿನಲ್ಲಿ ಆ ವಿಷ ಇರುವುದುಂಟು. ತೊಳೆಯಲು ಸೋಪು ಬೇಡ. ಗಾಜಿನ ಬಿಳಿ ಕಲೆಗೆ ವಿನೆಗರ್ ಸಾಕು.

ತಳಕ್ಕೆ ಹಾಸಲು ಬಣ್ಣದ ಕಲ್ಲಿಗಿಂತ ತೊಳೆದ ಮರಳು ಒಳ್ಳೆಯದು. ಕಟ್ಟಡದ ಎಂ-ಸ್ಯಾಂಡ್ ಗ್ರಾನೈಟಿನ ಪುಡಿ, ನೀರಿನ ಗುಣ ಕೆಡಿಸದು. ಆದರೆ ಅದರ ಮೊನಚು ತಳದಲ್ಲಿ ಕೆದಕುವ ಮೀನುಗಳ ಮೀಸೆಯನ್ನು ಗಾಯಗೊಳಿಸುತ್ತದೆ. ಎಲ್ಲಿಂದಲೋ ಆಯ್ದು ತಂದ ಕಲ್ಲಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಗಡಸು ಮಾಡುತ್ತದೆ ಎಂದು ತಿಳಿಯಬೇಕು.

ನೀರಿನ ಗಡಸುತನವೇ ಬೆಂಗಳೂರಿನಂಥ ಊರಿನಲ್ಲಿ ಯಾವ ಮೀನು ಬದುಕುತ್ತದೆ ಎಂಬುದನ್ನು ತೀರ್ಮಾನಿಸುವುದು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಕಾವೇರಿ ನೀರು ಹೊಳೆಯ ನೀರಾದ್ದರಿಂದ ಹೆಚ್ಚು ಗಡಸಲ್ಲ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಸುಣ್ಣ ಧಾರಾಳ. ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಇವೆರಡೂ ಬೆರೆಯುತ್ತವೆ. ಬೇಸಗೆಯಲ್ಲಿ ಟ್ಯಾಂಕರ್ ನೀರೂ ಬಂದು ಬೀಳುತ್ತದೆ. ಸೋಮವಾರದ ನೀರಿನ ಗುಣ ಗುರುವಾರದ ನೀರಿಗಿರುವುದಿಲ್ಲ. ಒಮ್ಮೆಲೇ ಅರ್ಧ ತೊಟ್ಟಿ ನೀರು ಬದಲಿಸಿದಾಗ ಮೀನು ತತ್ತರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೀನಿರುವ ತೊಟ್ಟಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಬದಲಿಸದಿರುವುದು, ಎರಡು ಬಕೆಟ್ ನೀರನ್ನು ಒಂದು ದಿನ ಮೊದಲೇ ಹಿಡಿದಿಡುವುದು ಇದಕ್ಕೆ ಸುಲಭದ ಉಪಾಯ. ತೆರೆದಿಟ್ಟ ನೀರಿನಿಂದ ಕ್ಲೋರಿನ್ ಒಂದು ದಿನದಲ್ಲಿ ಹಾರಿಹೋಗುತ್ತದೆ. ಅವಸರವಿದ್ದರೆ ಹೈಪೋ ಹರಳು ಇದೆ, ಅಂದರೆ ಸೋಡಿಯಂ ಥಯೋಸಲ್ಫೇಟ್. ಫಿಲ್ಮ್ ಫೋಟೋಗಳ ಕಾಲದಲ್ಲಿ ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿ ಇರುತ್ತಿದ್ದ ವಸ್ತುವೇ. ಬಕೆಟ್ಟಿಗೆ ಒಂದೆರಡು ಹರಳು ಸಾಕು, ಒಂದು ಪೊಟ್ಟಣ ವರ್ಷಗಟ್ಟಲೆ ಬರುತ್ತದೆ.

ಅಪಾರ್ಟ್‌ಮೆಂಟಿನ ಸಾಫ್ಟನರ್ ಯಂತ್ರದಿಂದ ಬಂದ ನೀರನ್ನು ಮೆದು ನೀರೆಂದು ನಂಬಿ ಅಮೆಜಾನಿನ ಟೆಟ್ರಾಗಳನ್ನು ತರುವವರಿದ್ದಾರೆ. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸೋಪಿಗೆ ನೊರೆ ಬಂದರೂ ನೀರಿನಲ್ಲಿ ಕರಗಿರುವ ಲವಣವೇನೂ ಕಡಿಮೆಯಾಗಿರುವುದಿಲ್ಲ. ಆರ್‌ಒ ಯಂತ್ರದ ಕೊಳವೆಯಿಂದ ಹೊರಹೋಗುವ ನೀರು ಇನ್ನೂ ಕೆಟ್ಟದು, ಎಲ್ಲ ಲವಣವೂ ಅದರಲ್ಲೇ. ನಿಜಕ್ಕೂ ಮೆದು ನೀರು ಬೇಕೆಂದರೆ ಮಳೆಗಾಲದಲ್ಲಿ ತಾರಸಿಯಿಂದ ಹಿಡಿಯಬಹುದು. ಮೊದಲ ಮಳೆ ತಾರಸಿಯ ಧೂಳು ತೊಳೆದುಹೋದ ಮೇಲಿನ ನೀರನ್ನು ನಲ್ಲಿನೀರಿನೊಡನೆ ಬೆರೆಸಿ ಬಳಸಬೇಕು. ಕರಾವಳಿ, ಮಲೆನಾಡಿನವರಿಗೆ ಈ ಪಾಡಿಲ್ಲ. ಮುರಕಲ್ಲಿನ ಬಾವಿಯ ನೀರು ತಾನಾಗಿಯೇ ಮೆದು, ತುಸು ಆಮ್ಲೀಯ. ಅಲ್ಲಿ ಟೆಟ್ರಾ, ಗೌರಾಮಿಗಳು ಬಣ್ಣ ತುಂಬಿಕೊಂಡು ಬದುಕುತ್ತವೆ.

ಬಯಲುಸೀಮೆಯ ಗಡಸು ನೀರಿನಲ್ಲಿ ಇನ್ನೊಂದು ಅಪಾಯವಿದೆ. ಅಮೋನಿಯದ ವಿಷ ನೀರಿನ ಕ್ಷಾರತೆಗೆ ತಕ್ಕಂತೆ ಏರುತ್ತದೆ. ಪಿಎಚ್ 7 ಇದ್ದಾಗ, 25 ಡಿಗ್ರಿ ಉಷ್ಣತೆಯಲ್ಲಿ, ಒಟ್ಟು ಅಮೋನಿಯದಲ್ಲಿ ನೂರಕ್ಕೆ ಅರ್ಧ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ ಐದಕ್ಕಿಂತ ಹೆಚ್ಚಾಗುತ್ತದೆ. ಮಂಗಳೂರಿನ ಬಾವಿನೀರಿನಲ್ಲಿ ಮೀನು ಸಹಿಸಿಕೊಂಡ ಕೊಳಕು ಕೋಲಾರದ ಬೋರ್‌ವೆಲ್ ನೀರಿನಲ್ಲಿ ಅದನ್ನು ಕೊಂದೀತು. ಹೀಗಾಗಿ ಬಯಲುಸೀಮೆಯವರು ಮೊದಲ ಆರು ವಾರ ಕಾಯುವುದರಲ್ಲಿ ಯಾವ ರಿಯಾಯಿತಿಯನ್ನೂ ತೆಗೆದುಕೊಳ್ಳಬಾರದು.

ಗಡಸು ನೀರಿಗೆ ಹೊಂದುವ ಮೀನುಗಳೇ ಅಂಗಡಿಯಲ್ಲಿ ಅಗ್ಗವಾಗಿ ಸಿಗುವವೂ ಹೌದು ಎಂಬುದು ಸಮಾಧಾನದ ಸಂಗತಿ. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಸುಣ್ಣದ ನೀರೆಂದರೆ ಹಿತ. ಸೊಳ್ಳೆಮರಿ ತಿನ್ನಲೆಂದು ಕರ್ನಾಟಕದ ಬಾವಿ, ಕುಂಟೆಗಳಿಗೆ ಬಿಟ್ಟ ಗಪ್ಪಿಗಳು ಯಾವ ಆರೈಕೆಯೂ ಇಲ್ಲದೆ ಅಲ್ಲಿ ಸಂಸಾರ ಬೆಳೆಸಿವೆ. ತೊಟ್ಟಿಗೆ ತರುವಾಗ ಗಂಡುಗಳನ್ನಷ್ಟೇ ತರುವುದು ಜಾಣತನ. ಒಮ್ಮೆ ಕೂಡಿದ ಹೆಣ್ಣು ಗಪ್ಪಿ ಗಂಡಿನ ಬೀಜವನ್ನು ಒಡಲಲ್ಲೇ ಉಳಿಸಿಕೊಂಡು ತಿಂಗಳುಗಟ್ಟಲೆ, ಮತ್ತೆ ಮತ್ತೆ ಮರಿ ಹಾಕುತ್ತದೆ. ಆರು ಮೀನಿನ ತೊಟ್ಟಿ ಅರವತ್ತರದ್ದಾಗಲು ಹೆಚ್ಚು ದಿನ ಬೇಡ.

ಆದರೆ ಕಡಿಮೆ ಖರ್ಚಿನ ತೊಟ್ಟಿಗೆ ಅತ್ಯುತ್ತಮ ಮೀನು ಯಾವುದೆಂದರೆ ಜೀಬ್ರಾ ಎಂದೇ ಹೇಳಬೇಕು. ಉದ್ದಕ್ಕೂ ನೀಲಿ ಗೆರೆಗಳಿರುವ, ಒಂದೂವರೆ ಅಂಗುಲದ ಈ ಚುರುಕು ಮೀನು ನಮ್ಮ ಉಪಖಂಡದ್ದೇ. ಪಶ್ಚಿಮಘಟ್ಟದ ತೊರೆಗಳಲ್ಲೂ ಇದೆ. ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೂ ಕೆನರಾವನ್ನೂ ಸುತ್ತಲು ಹೊರಟು ಬೆಳೆ, ಬದುಕು, ಸಂತೆಗಳನ್ನೆಲ್ಲ ದಾಖಲಿಸಿದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಈ ಮೀನನ್ನು ವರ್ಣಿಸಿದ. ಒಂದೂವರೆ ಶತಮಾನದ ನಂತರ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಜರ್ ಇದನ್ನು ತಳಿವಿಜ್ಞಾನದ ಪ್ರಯೋಗಾಲಯಕ್ಕೆ ಒಯ್ದ. ಇಂದು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಸೇರಿದಂತೆ ಜಗತ್ತಿನ ಅದೆಷ್ಟೋ ಸಂಸ್ಥೆಗಳಲ್ಲಿ ಇದರ ತೊಟ್ಟಿಗಳ ಸಾಲುಗಳಿವೆ. ಅಲ್ಲಿ ಸಾಕಲು ಸುಲಭವೆನಿಸಿದ ಗುಣಗಳೇ ಮನೆಯಲ್ಲೂ ಕೆಲಸಕ್ಕೆ ಬರುತ್ತವೆ: ಮೆದು, ಗಡಸು ಎರಡೂ ನೀರಿಗೆ ಒಗ್ಗುತ್ತದೆ, ಬೆಂಗಳೂರಿನ ಡಿಸೆಂಬರ್ ಚಳಿಗೂ ಹೀಟರ್ ಕೇಳುವುದಿಲ್ಲ. ಗುಂಪಿನಲ್ಲಿ ಬಾಳುವ ಮೀನಾದ್ದರಿಂದ ಎಂಟಾದರೂ ಇರಬೇಕು. ಎರಡಡಿ ತೊಟ್ಟಿಗೆ ಆ ಎಂಟೇ ಸಾಕು. ಒಂದೇ ದಿನ ಎಲ್ಲವನ್ನೂ ತರದೆ, ನಾಲ್ಕು ತಂದು ಎರಡು ವಾರ ಬಿಟ್ಟು ಮತ್ತೆ ನಾಲ್ಕು ತಂದರೆ ಸೂಕ್ಷ್ಮಜೀವಿಗಳೂ ಆ ಭಾರಕ್ಕೆ ಹೊಂದಿಕೊಳ್ಳುತ್ತವೆ.

ಕೊಳ್ಳಬಾರದ ಮೀನುಗಳಲ್ಲಿ ಮೊದಲನೆಯದು, ಎಲ್ಲರೂ ಮೊದಲು ಕೊಳ್ಳುವ ಗೋಲ್ಡ್ ಫಿಶ್. ಅದು ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ, ಅಂಗೈಗಿಂತ ದೊಡ್ಡದಾಗಿ ಬೆಳೆಯುವ, ಸಿಕ್ಕಾಪಟ್ಟೆ ಗಲೀಜು ಮಾಡುವ ಮೀನು, ಕೊಳಕ್ಕೆ ಸರಿ. ಮಿಸ್ ಕೇರಳ ಎಂದು ಹೆಸರಾದ, ಕೆಂಪು ಪಟ್ಟೆಯ ಡೆನಿಸನ್ ಬಾರ್ಬ್ ನೋಡಲು ಬಲು ಚೆಲುವೆ. ಪಶ್ಚಿಮಘಟ್ಟದ ಹೊಳೆಗಳ ಈ ಮೀನನ್ನು ಮಾರಾಟಕ್ಕೆಂದು ಬಾಚಿದ್ದರಿಂದ ಅದು ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಸಾಕಿ ಮರಿಮಾಡಿದ್ದೆಂದು ಖಾತರಿಯಿಲ್ಲದೆ ಕೊಳ್ಳುವುದು ತಪ್ಪು. ಖಾತರಿ ಇದ್ದರೂ ಎರಡಡಿ ತೊಟ್ಟಿ ಅದಕ್ಕೆ ಸಾಲದು.

ಫಿಲ್ಟರಿಗೆ ಬಂದರೆ, ದುಬಾರಿ ಯಂತ್ರಗಳ ನಡುವೆ ಕಪಾಟಿನ ಮೂಲೆಯಲ್ಲಿ ಬಿದ್ದಿರುವ ಸ್ಪಂಜ್ ಫಿಲ್ಟರ್ ಈ ಗಾತ್ರಕ್ಕೆ ಸಾಕು. ಏರ್ ಪಂಪಿನ ಗಾಳಿ ಮೇಲೇರುವಾಗ ನೀರು ಸ್ಪಂಜಿನ ಮೂಲಕ ಎಳೆಯಲ್ಪಡುತ್ತದೆ, ಅದರ ರಂಧ್ರಗಳಲ್ಲಿ ಜೀವಿಗಳು ನೆಲೆಸುತ್ತವೆ. ಮೀನು ಮರಿಮಾಡಿ ಮಾರುವವರ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವುದೂ ಇದನ್ನೇ. ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಎರಡು ಸಲ ಹಿಂಡಿದರೆ ಸಾಕು. ನಲ್ಲಿಯ ಕೆಳಗೆ ಹಿಡಿಯಬಾರದು. 5 ವ್ಯಾಟಿನ ಪಂಪ್ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಕರೆಂಟೂ ಆಗುವುದಿಲ್ಲ. 15 ವ್ಯಾಟಿನ ಎಲ್‌ಇಡಿ ದಿನಕ್ಕೆ ಎಂಟು ಗಂಟೆ ಉರಿದರೆ ಇನ್ನೊಂದು ಅಷ್ಟೇ. ಹಿಂದಿನ 40 ವ್ಯಾಟ್ ಬಲ್ಬೊಂದೇ ಒಂಬತ್ತೂವರೆ ಯೂನಿಟ್ ತಿನ್ನುತ್ತಿತ್ತು, ಜೊತೆಗೆ ನೀರನ್ನೂ ಕಾಯಿಸುತ್ತಿತ್ತು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೇ ಕೊಳವೆಗೆ ಒಂದು ಚಿಕ್ಕ ವಾಲ್ವ್ ಸೇರಿಸಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ಹಾಳುಮಾಡುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಪಂಪನ್ನು ಅದರ ಸಾಲಿಗೆ ಹಾಕುವುದು ಉಚಿತ ವಿಮೆ.

ಗಿಡ ಬೇಕೆನ್ನುವವರಿಗೆ ಸಿಲಿಂಡರ್ ಬೇಡ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬರೆದ ಪುಸ್ತಕದಿಂದ ಹೆಸರಾದ ವಿಧಾನದಲ್ಲಿ ಗೊಬ್ಬರ ಬೆರೆಸದ ತೋಟದ ಮಣ್ಣನ್ನು ಒಂದಂಗುಲ ಹಾಸಿ, ಮೇಲೆ ಮರಳು ಮುಚ್ಚಿ, ಮೊದಲ ದಿನವೇ ಒತ್ತಾಗಿ ಗಿಡ ನೆಡುತ್ತಾರೆ. ವ್ಯಾಲಿಸ್ನೇರಿಯ, ಹೈಡ್ರಿಲ್ಲಾ ನಮ್ಮ ಕೆರೆಗಳಲ್ಲೇ ಬೆಳೆಯುತ್ತವೆ. ಕೆರೆಯಿಂದ ತಂದದ್ದನ್ನು ತಿಳಿ ಗುಲಾಬಿ ಬಣ್ಣದ ಪೊಟ್ಯಾಷಿಯಂ ಪರ್ಮಾಂಗನೇಟ್ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ನೆಡಬೇಕು. ಅದೂ ಬೇಡವೆಂದರೆ ಮನೆಯ ಮನಿಪ್ಲಾಂಟಿನ ಬಳ್ಳಿಯೊಂದನ್ನು ತೊಟ್ಟಿಯ ಅಂಚಿಗೆ ಸಿಕ್ಕಿಸಿ ಬೇರನ್ನಷ್ಟೇ ನೀರಿಗೆ ಇಳಿಬಿಟ್ಟರಾಯಿತು. ಎಲೆ ಗಾಳಿಯಲ್ಲಿದ್ದು ಕಾರ್ಬನ್ ಡೈಆಕ್ಸೈಡಿಗೆ ಕೊರತೆಯಿಲ್ಲದ ಕಾರಣ ಅದು ನೈಟ್ರೇಟನ್ನು ಸಲೀಸಾಗಿ ಹೀರುತ್ತದೆ.

ಪಾಚಿ ತಿನ್ನುತ್ತದೆಂದು ಅಂಗಡಿಯವರು ಕೊನೆಗೆ ಚೀಲಕ್ಕೆ ಸೇರಿಸುವ ಸಕ್ಕರ್ ಫಿಶ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡಂಗುಲದ ಆ ಮರಿ ಒಂದಡಿ ಮೀರಿ ಬೆಳೆಯುತ್ತದೆ. ಬೆಳೆದಾಗ ಪುಣ್ಯದ ಕೆಲಸವೆಂದು ತಿಳಿದು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಮೈತುಂಬ ಗಟ್ಟಿ ಚಿಪ್ಪು ಹೊತ್ತಿದೆ, ಕೊಳಚೆಯಲ್ಲೂ ಬದುಕುತ್ತದೆ, ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ದಕ್ಷಿಣ ಭಾರತದ ಕೆರೆ ನದಿಗಳಲ್ಲಿ ಈಗಾಗಲೇ ನೆಲೆಯೂರಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿ ಅಧಿಕಾರಿಗಳು ಗಾಬರಿಯಾದರು. ಅಕ್ವೇರಿಯಂ ವ್ಯಾಪಾರದ ಮೂಲಕವಲ್ಲದೆ ಅದು ಅಲ್ಲಿಗೆ ಬರುವ ದಾರಿ ಕಾಣದು. ಸಾಕಲಾಗದ ಮೀನನ್ನು ಅಂಗಡಿಗೇ ಹಿಂದಿರುಗಿಸಬೇಕು ಅಥವಾ ಬೇರೆ ಸಾಕಣೆದಾರರಿಗೆ ಕೊಡಬೇಕು. ಕೆರೆಗೆ ಮಾತ್ರ ಬಿಡಬಾರದು. ಗಪ್ಪಿಗೂ ಇದೇ ನಿಯಮ.

ಕಾಳಿನ ಲೆಕ್ಕವೂ ಅಷ್ಟೇ ಬಿಗಿಯಾಗಿರಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ದಿನಕ್ಕೊಮ್ಮೆ, ವಾರದಲ್ಲಿ ಒಂದು ದಿನ ಉಪವಾಸ. ದಸರಾ ರಜೆಗೆ ಊರಿಗೆ ಹೊರಟವರು ಪಕ್ಕದ ಮನೆಯವರ ಕೈಗೆ ಕಾಳಿನ ಡಬ್ಬಿಯನ್ನೇ ಕೊಟ್ಟುಹೋಗಬಾರದು; ಅವರು ಅಕ್ಕರೆಯಿಂದ ಹಾಕುವ ಮುಷ್ಟಿಯಷ್ಟು ಕಾಳು ಎರಡೇ ದಿನದಲ್ಲಿ ನೀರನ್ನು ಕೆಡಿಸುತ್ತದೆ. ಬೆಳೆದ ಆರೋಗ್ಯವಂತ ಮೀನು ಒಂದು ವಾರ ಏನೂ ತಿನ್ನದೆ ಇರಬಲ್ಲದು. ಅದಕ್ಕಿಂತ ಹೆಚ್ಚು ದಿನ ಹೋಗುವುದಿದ್ದರೆ ದಿನಕ್ಕಿಷ್ಟೆಂದು ಅಳೆದು ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು, ದಿನ ಬಿಟ್ಟು ದಿನ ಒಂದರಂತೆ ಹಾಕಲು ಹೇಳಿ ಕೊಡಬೇಕು. ಡಬ್ಬಿ ಬೀರುವಿನೊಳಗೆ ಇರಲಿ.